ಹದಿನೈದು ಪೌಂಡಿನ ಕಾಡು

ತಕ್ಕಡಿಯ ಮುಳ್ಳು ಹತ್ತೊಂಬತ್ತಕ್ಕೆ ಹೋಗಿ, ಅತ್ತಿತ್ತ ತುಯ್ದಾಡಿ, ಅಲ್ಲೇ ನಿಂತಿತು.

“ಹತ್ತೊಂಬತ್ತು,” ಎಂದ ಹೋಯ್ಟ್. “ಡಾಕ್ಟರು ಎಷ್ಟು ಅಂದಿದ್ರು?”

“ನಿಂಗೆ ಗೊತ್ತು.”

“ನಿನ್ನ ಬಾಯಲ್ಲೇ ಕೇಳೋಣ ಅಂತ.”

“ಹದಿನೈದು,” ಎಂದಳು ಅರ್ಲೀನ್, ಬಸ್ಸಿನಲ್ಲಿ ಗಲಾಟೆ ಮಾಡುವ ಹುಡುಗರನ್ನು ಕನ್ನಡಿಯಲ್ಲಿ ನೋಡುವ ಹಾಗೆ ಅವನನ್ನು ನೋಡುತ್ತ.

ಅರ್ಲೀನ್ ಟೀಗ್ ನಾರ್ತ್ ಕೆರೊಲಿನಾದ ಪಶ್ಚಿಮದ ಬೆಟ್ಟಗಳಲ್ಲಿ ಶಾಲೆಯ ಬಸ್ಸು ಓಡಿಸುವವಳು. ಆ ತಿರುವುಗಳೂ ಆ ಸೀಟೂ ಸೇರಿ ಅವಳ ಬೆನ್ನುಮೂಳೆಯನ್ನು ನಿಧಾನವಾಗಿ ಅಗಿದು ಹಾಕಿದ್ದವು. ಹೋದ ವರ್ಷ ಆಪರೇಷನ್ ಆಯಿತು. ಇನ್ನು ನೆಲದ ಮೇಲೆ ಮಲಗುವ ಹಾಗಿಲ್ಲ, ಹದಿನೈದು ಪೌಂಡಿಗಿಂತ ಹೆಚ್ಚು ಹೊರುವ ಹಾಗಿಲ್ಲ. “ಹೊತ್ತರೆ ಮತ್ತೆ ನನ್ನ ಹತ್ರ ಬರಬೇಡಿ, ಬಡಗಿ ಹತ್ರ ಹೋಗಿ,” ಎಂದಿದ್ದರು ಡಾಕ್ಟರು.

ಕಾಡಿಗೆ ಹೊರಡುವ ಮೊದಲು ಪಕ್ಕದ ಮನೆಯ ಹೋಯ್ಟ್‌ನ ಜಗಲಿಯಲ್ಲಿ, ಅವನು ಜೇನು ತೂಗುವ ತಕ್ಕಡಿಗೆ, ಮೂವರ ಬೆನ್ನುಚೀಲಗಳೂ ನೇತಾಡಬೇಕು. ಉಳಿದಿಬ್ಬರಿಗೆ ಚೀಲದೊಳಗೆ ಕೈ ಹಾಕುವ, ಸಿಕ್ಕಿದ್ದನ್ನು ಎತ್ತಿ ಹಿಡಿದು ನಗುವ ಹಕ್ಕಿದೆ. ವಾಪಸು ಬಂದ ದಿನ ಇನ್ನೊಂದು ಶಾಸ್ತ್ರ: ಚೀಲ ಬೋರಲು ಹಾಕಿ, ಬಳಸಿದ್ದು ಒಂದು ಗುಡ್ಡೆ, ಬಳಸದ್ದು ಇನ್ನೊಂದು ಗುಡ್ಡೆ. ಬಳಸದ ಗುಡ್ಡೆಯ ಸಾಮಾನು ಮುಂದಿನ ಸಲ ಮನೆಯಲ್ಲೇ. ಮೂರನೆಯದು ಶಾಸ್ತ್ರವಲ್ಲ, ಕಾನೂನು: ಅವರವರ ಹೊರೆ ಅವರವರ ಬೆನ್ನಿಗೆ. ಆಪರೇಷನ್ ಆದ ಮೇಲೆ ಹೋಯ್ಟ್ ಒಮ್ಮೆ “ನಿಂದೂ ನಾನೇ ಹೊರ್ತೀನಿ ಬಿಡೇ” ಅಂದಿದ್ದ. ಅರ್ಲೀನ್ ಒಂದು ವಾರ ಅವನ ಜೊತೆ ಮಾತಾಡಿರಲಿಲ್ಲ.

“ಇವಳನ್ನ ಬಿಟ್ಟು ಹೋಗೋಕೂ ಆಗಲ್ಲ,” ಎಂದಳು ಓಪಲ್. ಅರ್ಲೀನಳ ಚಿಕ್ಕಪ್ಪನ ಮಗಳು. ಅಂಚೆ ಕಚೇರಿಯ ಕೆಲಸ, ಭಾನುವಾರಗಳಲ್ಲಿ ಚೆಸ್ಟ್‌ನಟ್ ಮರಗಳ ಹುಚ್ಚು. “ಆ ಮರ ಎಲ್ಲಿದೆ ಅಂತ ಇವಳಿಗೊಬ್ಬಳಿಗೇ ಗೊತ್ತು.”

ಅಜ್ಜಂದಿರ ಕಾಲದಲ್ಲಿ ಬೂಷ್ಟುರೋಗ ಬಂದು ಈ ಬೆಟ್ಟಗಳ ಚೆಸ್ಟ್‌ನಟ್ ಮರಗಳನ್ನೆಲ್ಲ ತಿಂದು ಮುಗಿಸಿತ್ತು. ಹಳೆಯ ಬೇರಿನಿಂದ ಇಂದಿಗೂ ಸಸಿ ಏಳುತ್ತದೆ, ಆದರೆ ಹೂ ಬಿಡುವ ಮೊದಲೇ ಒಣಗುತ್ತದೆ. ಎರಡು ವರ್ಷದ ಹಿಂದೆ ಹಾರ್ನೆಟ್ ಕಮರಿಯಲ್ಲಿ, ಒಂದು ಬಂಡೆಯ ಅಂಚಿನ ಕೆಳಗೆ, ಅರ್ಲೀನ್ ಅಂಥದೊಂದನ್ನು ಕಂಡಿದ್ದಳು. ಮನೆಗಿಂತ ಎತ್ತರ, ತೊಗಟೆಯಲ್ಲಿ ಒಂದು ಗಾಯವಿಲ್ಲ. ಈ ಜೂನ್ ಕೊನೆಗೆ ಅದು ಹೂ ಬಿಟ್ಟಿರಲೇಬೇಕು. ಆದರೆ ಒಂಟಿ ಚೆಸ್ಟ್‌ನಟ್ ಕಾಯಿ ಕಟ್ಟುವುದಿಲ್ಲ. ಇನ್ನೊಂದು ಮರದ ಪರಾಗ ಬೇಕು. ಅದು ಓಪಲ್‌ಳ ಫ್ರಿಜ್ಜಿನಲ್ಲಿ, ಬೆರಳುದ್ದದ ಗಾಜಿನ ಬಾಟಲಿಯಲ್ಲಿ, ಉಪ್ಪಿನಕಾಯಿಯ ಪಕ್ಕ ಕಾದು ಕೂತಿತ್ತು.

“ಸರಿ, ಕತ್ತರಿಸೋಣ,” ಎಂದ ಹೋಯ್ಟ್, ಅವಳ ಚೀಲದೊಳಗೆ ತೋಳು ತೂರಿಸಿ.

ಎರಡನೇ ಚಮಚ ಹೋಯಿತು. ಟವೆಲ್ಲು ಕರವಸ್ತ್ರವಾಯಿತು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಗರಗಸದಿಂದ ಕುಯ್ದರು. ಕೊನೆಗೆ ಹೋಯ್ಟ್, ಎರಡು ಮರಗಳ ನಡುವೆ ಕಟ್ಟಿ ಮಲಗುವ ಅವಳ ಜೋಲಿಯನ್ನು ಎರಡೂ ಕೈಯಲ್ಲಿ ಎತ್ತಿ ಹೊರಗಿಟ್ಟ. ಅಂಗಡಿಯಲ್ಲಿ ಕೊಂಡದ್ದು. ಎರಡು ಪದರ ಬಟ್ಟೆ, ಕಬ್ಬಿಣದ ಕೊಕ್ಕೆಗಳು, ಕುದುರೆ ಕಟ್ಟಬಹುದಾದ ಪಟ್ಟಿಗಳು.

“ಇದೊಂದೇ ನಾಲ್ಕೂವರೆ ಪೌಂಡು. ಕಳ್ಳಿ ಇದೇ.”

“ಅದಿಲ್ದೆ ಎಲ್ಲಿ ಮಲಗಲಿ? ನಿನ್ನ ತಲೆ ಮೇಲಾ?”

“ಹಗುರದ್ದು ಸಿಗುತ್ತಲ್ಲ,” ಎಂದಳು ಓಪಲ್.

“ಅಂಗಡಿಯವರು ನಿನ್ನ ಕೇಳಿ ಹೊಲಿತಾರಾ? ಯಾವಾಗ್ಲೂ ಹೋಯ್ಟ್ ಮಲಗ್ತಾನೇನೋ ಅಂತ ಲೆಕ್ಕ ಹಾಕಿ ಹೊಲಿತಾರೆ.” ಅರ್ಲೀನ್ ಆ ಗಂಟನ್ನು ಕಾಲಿನಿಂದ ದೂಡಿದಳು. “ನಂದು ನಾನೇ ಹೊಲ್ಕೋತೀನಿ.”

*

ನೋಡಿದರೆ ಜೋಲಿ ಎಂದರೆ ಏನೂ ಅಲ್ಲ. ಆಳುದ್ದಕ್ಕಿಂತ ಮಾರುದ್ದ ಹೆಚ್ಚಿರುವ ಒಂದು ಬಟ್ಟೆ. ಉದ್ದದ ಅಂಚುಗಳನ್ನು ಮಡಚಿ ಹೊಲಿಯಬೇಕು. ಎರಡೂ ತುದಿಗಳನ್ನು ಬೀಸಣಿಗೆಯ ಹಾಗೆ ನೆರಿಗೆ ಹಿಡಿದು, ಹಗ್ಗದಿಂದ ಬಿಗಿದು ಕಟ್ಟಬೇಕು. ಉಳಿದದ್ದು ಭೂಮಿಯ ಸೆಳೆತಕ್ಕೆ ಬಿಟ್ಟದ್ದು.

ಅರ್ಲೀನ್ ತಾಯಿಯ ಕಾಲದ ಹೊಲಿಗೆ ಯಂತ್ರವನ್ನು ಅಡಿಗೆಮನೆಯ ಮೇಜಿಗೆ ತಂದಳು. ತರಿಸಿದ ನೈಲಾನ್ ಬಟ್ಟೆ ಎಷ್ಟು ತೆಳುವಾಗಿತ್ತೆಂದರೆ ಕಿಟಕಿ ತೆರೆದಾಗ ಅದು ಮೇಜಿನಿಂದ ಎದ್ದು ಒಲೆಯ ಕಡೆಗೆ ನಡೆಯಿತು. ಹೊಲಿದು ಮುಗಿಸಿ, ಹಿತ್ತಲಿನ ಎರಡು ಪೈನ್ ಮರಗಳಿಗೆ ಕಟ್ಟಿ, ಬೇಲಿಯ ಮೇಲಿಂದ ಹೋಯ್ಟ್‌ನನ್ನು ಕೂಗಿದಳು.

“ಕೂತ್ಕೋ.”

“ನಾನ್ಯಾಕೆ?”

“ನೀನೇ ತಾನೆ ನಮ್ಮಲ್ಲಿ ಭಾರ. ನಿನ್ನ ತಡೆದ್ರೆ ನನ್ನ ತಡೆಯುತ್ತೆ.”

ಹೋಯ್ಟ್ ಕೂತ. ಕಾಲು ಮೇಲೆತ್ತಿದ. ಮುಖದ ಮೇಲೆ ಒಂದು ನೆಮ್ಮದಿ ಹರಡಿತು. “ಅರ್ಲೀನ್,” ಎಂದ ಕಣ್ಣು ಮುಚ್ಚಿ, “ಇದು ಸ್ವರ್ಗ ಕಣೇ...”

ಸ್ವರ್ಗ ಉದ್ದಕ್ಕೆ ಸೀಳಿತು. ಹೋಯ್ಟ್ ಹುಲ್ಲಿನ ಮೇಲೆ ಕೂತಿದ್ದ, ಎರಡೂ ಬದಿಗೆ ಹಸಿರು ನೈಲಾನು ರೆಕ್ಕೆಯ ಹಾಗೆ ಹಾರಾಡುತ್ತಿತ್ತು. ಅರ್ಲೀನ್ ನಗುವುದಕ್ಕೆ ಮರ ಹಿಡಿದುಕೊಳ್ಳಬೇಕಾಯಿತು.

ಎರಡನೆಯದಕ್ಕೆ ಒಂದು ಎಳೆ ಹೆಚ್ಚು ದಪ್ಪದ ಬಟ್ಟೆ. ಅದು ಹೋಯ್ಟ್‌ನನ್ನು ತಡೆಯಿತು, ಆಮೇಲೆ ಹೋಯ್ಟ್ ಮತ್ತು ಅವನ ನಾಯಿಯನ್ನು ತಡೆಯಿತು. ಅರ್ಲೀನ್ ಅದರಲ್ಲಿ ಓರೆಯಾಗಿ ಮಲಗಿದಳು. ಹಾಗೆ ಮಲಗಿದರೆ ಜೋಲಿಯ ಬಾಗು ಬೆನ್ನಿಗೆ ತಾಗುವುದಿಲ್ಲ, ಹಲಗೆಯ ಮೇಲಿದ್ದ ಹಾಗೆ ಸಮ. ವರ್ಷದ ಮೇಲೆ ಮೊದಲ ಸಲ ಅವಳ ಬೆನ್ನು ಒಂದೂ ಮಾತಾಡಲಿಲ್ಲ. ಅವಳು ಹಾಗೇ ಮೇಲೆ ನೋಡುತ್ತ, ಸಂಜೆಯ ಬಸ್ಸಿಗೆ ಹೊತ್ತಾಯಿತೆಂದು ಹೋಯ್ಟ್ ಬಂದು ಎಬ್ಬಿಸುವವರೆಗೆ ಮಲಗಿದ್ದಳು.

ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ತೂಕ ಇಳಿಸುವುದು ಒಂದು ಜ್ವರ. ಈ ಬೆಟ್ಟಗಳಲ್ಲಿ ನಡೆಯುವವರಿಗೆಲ್ಲ ಒಮ್ಮೆ ಬರುತ್ತದೆ. ಕಬ್ಬಿಣದ ಕೊಕ್ಕೆಗಳ ಜಾಗಕ್ಕೆ ಹಗ್ಗವನ್ನೇ ಹೆಣೆದು ಮಾಡಿದ ಕುಣಿಕೆ ಬಂತು. ಚೀಲದ ಲಾಡಿ ಅರ್ಧವಾಯಿತು. ಕೊನೆಗೆ ಅವಳ ಕಣ್ಣು ಮರಕ್ಕೆ ಸುತ್ತುವ ಪಟ್ಟಿಗಳ ಮೇಲೆ ಬಿತ್ತು. ಕಪ್ಪಗೆ, ಎರಡು ಬೆರಳು ಅಗಲ, ಮರದ ತೊಗಟೆ ಕೊಯ್ಯದಿರಲೆಂದೇ ಇರುವ ಪಟ್ಟಿಗಳು. ಪೈನ್ ಮರಕ್ಕೆ ಸುತ್ತಿ ನೋಡಿದಳು. ಅರ್ಧಕ್ಕಿಂತ ಹೆಚ್ಚು ಸುಮ್ಮನೆ ನೇತಾಡುತ್ತಿತ್ತು.

“ಇಷ್ಟುದ್ದ ಯಾಕೆ?” ಎಂದು ಕತ್ತರಿ ಎತ್ತಿಕೊಂಡಳು.

“ಇರಲಿ ಬಿಡೇ,” ಎಂದ ಹೋಯ್ಟ್. “ಮೇಲಿನ ದಾರಿ ಹೋದ ವರ್ಷದ ಪ್ರವಾಹಕ್ಕೆ ಕುಸಿದಿದೆ. ಕೆಳಗಿನ ಹಳೇ ಕಾಡಲ್ಲಿ ಹೋಗ್ಬೇಕು. ಅಲ್ಲಿ ಮರಗಳು ಸ್ವಲ್ಪ ದಪ್ಪ.”

“ನೀನೂ ದಪ್ಪ.” ಅವಳು ಪಟ್ಟಿಯನ್ನು ಅರ್ಧಕ್ಕೆ ಮಡಚಿ ಅವನ ಹೊಟ್ಟೆಯ ಸುತ್ತ ತಂದು, ತುದಿ ಸೇರಿಸಿ, ಇನ್ನೂ ಗೇಣುದ್ದ ಉಳಿದದ್ದನ್ನು ತೋರಿಸಿದಳು. “ನೋಡು, ಸಾಕಾಯ್ತು.”

ಕತ್ತರಿ ಎರಡು ಸಲ ಕಚಕ್ ಎಂದಿತು. ಉದ್ದನೆಯ ಎರಡು ತುಂಡುಗಳು ಕಸದ ಬುಟ್ಟಿಗೆ ಬಿದ್ದವು. ಹೋಯ್ಟ್ ಬಗ್ಗಿ ಅವನ್ನು ಎತ್ತಿಕೊಂಡ.

“ಅದ್ಯಾಕೆ?”

“ಒಳ್ಳೇ ಪಟ್ಟಿ ಬಿಸಾಕೋದು ಪಾಪ.”

ಹೊರಡುವ ಬೆಳಿಗ್ಗೆ ಅವು ಹೋಯ್ಟ್‌ನ ಭುಜದ ಮೇಲಿದ್ದವು. ಮುಂದಿನಿಂದ ಮೇಲೆ ಹೋಗಿ, ಬೆನ್ನಿನಲ್ಲಿ ಅಡ್ಡ ಹಾದು, ಸೊಂಟವನ್ನು ಬಳಸಿ ಬಂದು, ಅವನ ಪ್ಯಾಂಟನ್ನು ಹೆಮ್ಮೆಯಿಂದ ಎತ್ತಿ ಹಿಡಿದಿದ್ದವು. “ನನ್ನ ಪಾಪ ಹೊತ್ಕೊಂಡು ನಡೀತಿದೀಯಲ್ಲೋ,” ಎಂದು ಅರ್ಲೀನ್ ನಕ್ಕಳು. ತಕ್ಕಡಿಯ ಮುಳ್ಳು ಅವಳ ಚೀಲಕ್ಕೆ ಹದಿನಾಲ್ಕೂವರೆ ತೋರಿಸಿತು. ಓಪಲ್ ಚಪ್ಪಾಳೆ ತಟ್ಟಿದಳು. ಹೋಯ್ಟ್‌ನದಕ್ಕೆ ಮೂವತ್ತೇಳು, ಏಕೆಂದರೆ ಅವನು ಎರಕದ ಕಬ್ಬಿಣದ ಬಾಣಲೆಯಿಲ್ಲದೆ ಎಲ್ಲಿಗೂ ಹೋಗುವವನಲ್ಲ.

*

ಬೆಳಗಿನ ಕಾಡು ಇಬ್ಬನಿಯಲ್ಲಿ ಮಿಂದು, ಇನ್ನೂ ಮೈ ಒರೆಸಿಕೊಂಡಿರಲಿಲ್ಲ. ದಾರಿ ಜರಿಗಿಡಗಳ ನಡುವೆ ಇಳಿಯಿತು, ಬಿದ್ದ ಮರಗಳ ಮೇಲೆ ಹತ್ತಿತು. ಅರ್ಲೀನ್ ಮುಂದೆ. ಪ್ರತಿ ಹೆಜ್ಜೆಗೂ ಅವಳು ನೋವಿಗಾಗಿ ಕಿವಿಗೊಟ್ಟಳು, ಮನೆಯಲ್ಲಿ ಯಾರೋ ಇದ್ದಾರೇನೋ ಎಂದು ಕೇಳಿಸಿಕೊಳ್ಳುವ ಹಾಗೆ. ಯಾರೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಿವಿಗೊಡುವುದನ್ನೇ ಮರೆತು, ಬಸ್ಸಿನ ಮಕ್ಕಳು ಹಾಡುವ ಅಸಭ್ಯ ಹಾಡೊಂದನ್ನು ಗುನುಗುತ್ತಿದ್ದಳು.

ಹಾರ್ನೆಟ್ ಹೊಳೆ ಕಂದು ಬಣ್ಣಕ್ಕೆ ತಿರುಗಿತ್ತು. ಮೇಲೆಲ್ಲೋ ಮಳೆ.

“ತೊಡೆಯವರೆಗೆ ಇದೆ,” ಎಂದಳು ಓಪಲ್. ಪರಾಗದ ಬಾಟಲಿಯಿದ್ದ ಪುಟ್ಟ ಥರ್ಮಾಸನ್ನು ಟೋಪಿಯೊಳಗೆ ಸಿಕ್ಕಿಸಿ, ಟೋಪಿಯ ದಾರ ಗದ್ದಕ್ಕೆ ಬಿಗಿದಳು.

“ಸೊಂಟದ ಬಕಲ್ ಬಿಚ್ಚಿ. ಬಿದ್ದರೆ ಚೀಲ ಬಿಡಿ. ನೀರು ಬರೋ ಕಡೆ ಮುಖ ಮಾಡ್ಕೊಂಡು ಅಡ್ಡ ನಡೀರಿ,” ಎಂದಳು ಅರ್ಲೀನ್. ಮೊದಲು ಇಳಿದವಳೂ ಅವಳೇ.

ನೀರು ಮೊಣಕಾಲಿಗೆ ಗುದ್ದಿತು. ಕೋಲು ಊರಿದಳು. ಒಂದು ಹೆಜ್ಜೆ. ಕಲ್ಲು ಉರುಳಿತು. ನಿಂತಳು. ಇನ್ನೊಂದು.

ಬೆನ್ನ ಮೇಲಿನ ಚೀಲ ಬೆಕ್ಕಿನಷ್ಟು ಹಗುರ. ಅವಳನ್ನು ಎಲ್ಲಿಗೂ ಎಳೆಯಲಿಲ್ಲ.

ಅವಳು ದಡ ಹತ್ತಿದಳು. ಓಪಲ್ ಹತ್ತಿದಳು. ಹಿಂದೆ ಒಂದು ದೊಡ್ಡ ಸದ್ದು.

ಹೋಯ್ಟ್ ಹೊಳೆಯ ನಡುವೆ ಕೂತಿದ್ದ. ಬಾಣಲೆ ಅವನನ್ನು ಲಂಗರಿನಂತೆ ಕೆಳಗೆ ಹಿಡಿದಿತ್ತು, ಪ್ರವಾಹ ಎದೆಯ ಮೇಲಿಂದ ಹರಿಯುತ್ತಿತ್ತು.

“ಚೀಲ ಬಿಡೋ!”

“ಬಾಣಲೆ!”

“ಬಾಣಲೆಗೆ ಬೆಂಕಿ ಬೀಳ್ಲಿ! ಕೋಲು ಹಿಡ್ಕೋ!”

ಅರ್ಲೀನ್ ಕೋಲು ಚಾಚಿದಳು, ಓಪಲ್ ಅರ್ಲೀನಳ ಬೆಲ್ಟು ಹಿಡಿದಳು, ಹೋಯ್ಟ್ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಚೀಲ ಹಿಡಿದು, ನೀರಾನೆಯಂತೆ ಮೇಲೆ ಬಂದ. ಮೂವರೂ ದಡದಲ್ಲಿ ಅಂಗಾತ ಬಿದ್ದರು.

“ಬೆನ್ನು?” ಎಂದ ಹೋಯ್ಟ್, ಕೆಮ್ಮುತ್ತ.

“ಇದೆ,” ಎಂದಳು ಅರ್ಲೀನ್. “ನಿನ್ನ ಬುದ್ಧಿ?”

“ಬಾಣಲೆ ಇದೆ.”

*

ಹಳೆಯ ಕಾಡು ಯಾವ ಮುನ್ಸೂಚನೆಯೂ ಇಲ್ಲದೆ ಶುರುವಾಯಿತು. ಅಲ್ಲಿಯವರೆಗೆ ಮರಗಳಿದ್ದವು, ಇಲ್ಲಿಂದ ಮುಂದೆ ಇದ್ದವುಗಳಿಗೆ ಮರವೆನ್ನುವುದು ಸಣ್ಣ ಮಾತಾಗುತ್ತಿತ್ತು. ಪಾಪ್ಲರ್‌ಗಳು ಕೊಂಬೆಯೇ ಇಲ್ಲದೆ ಮೇಲೆ ಮೇಲೆ ಹೋಗಿ, ಎಲ್ಲೋ ಬೇರೆ ಹವಾಮಾನದಲ್ಲಿ ಎಲೆ ಬಿಟ್ಟಿದ್ದವು. ಮರ ಕಡಿಯುವವರ ರೈಲು ಈ ಕಮರಿಗೆ ಬರುವ ಮೊದಲೇ ಕಂಪನಿ ಮುಳುಗಿತ್ತಂತೆ, ಹಾಗಾಗಿ ಉಳಿದವು. ಬುಡಗಳ ನಡುವೆ ಬೆಳಕು ನೀರಿನ ತಳದ ಬಣ್ಣದ್ದು. ಮಾತಾಡಿದರೆ ಮಾತು ಮುಂದೆ ಹೋಗದೆ ಪಾಚಿಯ ಮೇಲೆ ಬಿದ್ದು ಮಲಗುತ್ತಿತ್ತು. ಮೂವರೂ ಸ್ವಲ್ಪ ಹೊತ್ತು ಕತ್ತೆತ್ತಿ ನಿಂತರು. ಸಂಜೆಯಾಗುತ್ತಿತ್ತು. ದೂರದಲ್ಲಿ ಗುಡುಗಿತು.

“ಇಲ್ಲೇ ಉಳಿಯೋಣ,” ಎಂದಳು ಓಪಲ್. ಅವಳೂ ಹೋಯ್ಟ್‌ನೂ ನೆಲದ ಮೇಲೆ ತಮ್ಮ ಪುಟ್ಟ ಗುಡಾರಗಳನ್ನು ಬಿಡಿಸತೊಡಗಿದರು.

ಅರ್ಲೀನ್ ಪಟ್ಟಿ ಹಿಡಿದು ಹತ್ತಿರದ ಮರಕ್ಕೆ ಹೋದಳು. ತೋಳು ಚಾಚಿದಳು. ಪಟ್ಟಿ ಆ ಬುಡದ ಮೇಲೆ ಒಂದು ಮೀಸೆಯಷ್ಟಾಯಿತು.

ಪಕ್ಕದ ಮರ. ಅದೂ ಅಷ್ಟೇ. ಅದರಾಚೆಯದು ಇನ್ನೂ ದಪ್ಪ.

ಅವಳು ಓಡಾಡಿದಳು. ದೊಡ್ಡ ಮರಗಳ ನಡುವೆ ಇದ್ದದ್ದು ರೋಡೋಡೆಂಡ್ರಾನ್ ಪೊದೆ ಮಾತ್ರ, ಕೈಬೆರಳಿನಷ್ಟು ಸಪೂರ, ಮಗು ಜೋತುಬಿದ್ದರೂ ಬಾಗುವಂಥದು. ಒಂದೋ ಬೆರಳು, ಇಲ್ಲವೇ ಕೋಣೆ. ನಡುವಿನದು ಯಾವುದೂ ಈ ಕಾಡಿನಲ್ಲಿ ಹುಟ್ಟಿರಲಿಲ್ಲ.

“ಅರ್ಲೀನ್?” ಓಪಲ್ ಎದ್ದು ನಿಂತಳು. “ಏನಾಯ್ತೇ?”

“ಹಿತ್ತಲಿನ ಪೈನ್ ಮರಕ್ಕೆ ಅಳತೆ ತಗೊಂಡೆ,” ಎಂದಳು ಅರ್ಲೀನ್ ನಿಧಾನವಾಗಿ. “ಮತ್ತೆ ಹೋಯ್ಟ್‌ಗೆ.”

ಗಾಳಿ ಎದ್ದಿತು. ಮೇಲೆಲ್ಲೋ ಎಲೆಗಳು ಒಮ್ಮೆಗೇ ಬಿಳಿ ಮೈ ತೋರಿಸಿದವು.

ಲೆಕ್ಕ ಮೂವರಿಗೂ ಗೊತ್ತಿತ್ತು. ಈ ಒದ್ದೆ ನೆಲದ ಮೇಲೆ ಒಂದು ರಾತ್ರಿ ಮಲಗಿದರೆ ಬೆಳಿಗ್ಗೆ ಅವಳ ಬೆನ್ನು ಕಲ್ಲಾಗುತ್ತದೆ. ಆಮೇಲೆ ಬಂಡೆಯಿಳಿದು ಮರದ ಹತ್ತಿರ ಹೋಗುವುದಿರಲಿ, ಅವಳನ್ನೇ ಹೊತ್ತು ಸಾಗಿಸಬೇಕು. ಹಾಗೊಮ್ಮೆ ಹೊತ್ತು ತಂದರೆ ಅರ್ಲೀನ್ ಟೀಗ್ ಮತ್ತೆ ಕಾಡಿಗೆ ಕಾಲಿಡುವವಳಲ್ಲ.

“ನನ್ನ ಹತ್ರ ಊಟದ ಚೀಲ ನೇತುಹಾಕೋ ಹಗ್ಗ ಇದೆ,” ಎಂದಳು ಓಪಲ್.

“ಅದು ತೊಗಟೆ ಕೊಯ್ಯುತ್ತೆ. ಇವು ಮುನ್ನೂರು ವರ್ಷದ ಮರಗಳು ಕಣೇ. ರೋಗದಿಂದ ಒಂದು ಮರ ಉಳಿಸೋಕೆ ಬಂದು ಇನ್ನೆರಡಕ್ಕೆ ಗಾಯ ಮಾಡ್ಲಾ?” ಅವಳು ಕೈಯಲ್ಲಿದ್ದ ಪಟ್ಟಿಯನ್ನು ನೋಡಿದಳು. “ಎರಡು ಔನ್ಸು ಉಳಿಸಿದೆ. ಎರಡು ಔನ್ಸು!”

ಮೊದಲ ಹನಿಗಳು ಬಿದ್ದವು, ನಾಣ್ಯದಷ್ಟು ದಪ್ಪಗೆ.

ಹೋಯ್ಟ್ ಕೈಯಲ್ಲಿದ್ದ ಗುಡಾರ ಕೆಳಗಿಟ್ಟ. ಮಳೆಯಂಗಿ ಬಿಚ್ಚಿದ. ಎರಡೂ ಹೆಬ್ಬೆರಳುಗಳನ್ನು ಭುಜದ ಪಟ್ಟಿಗಳಿಗೆ ಸಿಕ್ಕಿಸಿ, ಊರಿನ ಪಂಚಾಯಿತಿಯಲ್ಲಿ ಮಾತಾಡುವವನ ಹಾಗೆ ಗಂಟಲು ಸರಿಮಾಡಿಕೊಂಡ.

ಇಬ್ಬರು ಹೆಂಗಸರೂ ಅವನ ಭುಜ ನೋಡಿದರು.

“ಬಿಚ್ಚೋ!” ಎಂದು ಕಿರುಚಿದಳು ಅರ್ಲೀನ್.

“ಹೆಂಗಸರ ಮುಂದೆ—”

“ಬಿಚ್ಚೋ ಅಂದ್ರೆ!”

ಮಳೆ ಇಳಿಯಿತು. ಮೂವರೂ ಓಡಿದರು. ಇದ್ದುದರಲ್ಲೇ ಸಣಕಲು ಎನ್ನಬಹುದಾದ ಎರಡು ಮರಗಳನ್ನು ಹುಡುಕಿದರು. ಅರ್ಲೀನಳೂ ಓಪಲ್‌ಳೂ ಎದುರುಬದುರು ನಿಂತು ಮರವನ್ನು ಅಪ್ಪಿಕೊಂಡರೆ ಬೆರಳ ತುದಿಗಳು ತಾಗುತ್ತಿದ್ದವು. ಅರ್ಲೀನ್ ಒದ್ದೆ ಬೆರಳುಗಳಲ್ಲಿ ಗಂಟು ಹಾಕಿದಳು: ಒಂದು ಪಟ್ಟಿಯಲ್ಲಿ ಸಡಿಲ ಗಂಟು, ಇನ್ನೊಂದರ ತುದಿ ಅದೇ ದಾರಿಯಲ್ಲಿ ಹಿಂದಕ್ಕೆ, ತಿರುವಿಗೆ ತಿರುವು, ಎಲ್ಲೂ ಮುರಿಯದೆ. ಎರಡೂ ಕಡೆ ಜಗ್ಗಿದಳು. ಗಂಟು ಕಚ್ಚಿಕೊಂಡಿತು.

“ಸುತ್ತು!”

“ಬರ್ತಿಲ್ಲ!”

“ಸ್ವಲ್ಪ ಕೆಳಗೆ... ಅಲ್ಲ, ಮೇಲೆ! ಬುಡ ದಪ್ಪ, ಮೇಲೆ ಹೋಗು!”

“ನಾನು ಇಷ್ಟೇ ಎತ್ತರ ಹುಟ್ಟಿರೋದು!”

ಹೋಯ್ಟ್ ಒಂದು ಕೈಯಲ್ಲಿ ಪ್ಯಾಂಟು ಹಿಡಿದು ಬಂದು, ಇನ್ನೊಂದರಲ್ಲಿ ಪಟ್ಟಿಯನ್ನು ತನ್ನ ತಲೆಗಿಂತ ಮೇಲಕ್ಕೆ ದೂಡಿದ. ತುದಿ ಆಚೆಯಿಂದ ಇಣುಕಿತು. ಒಂದು ಅಂಗೈ ಉದ್ದ ಉಳಿಯಿತು. ಕುಣಿಕೆ ಸಿಕ್ಕಿಸಿದರು. ಇನ್ನೊಂದು ಮರ. ಅಲ್ಲಿ ಉಳಿದದ್ದು ಮೂರು ಬೆರಳು.

ಮೇಲೆ ಚಾವಣಿಯ ಬಟ್ಟೆ ಎಳೆದು ಕಟ್ಟುವ ಹೊತ್ತಿಗೆ ಕಾಡು ಪೂರ್ತಿ ನೀರಾಗಿತ್ತು. ಅರ್ಲೀನ್ ಜೋಲಿಯ ಅಂಚನ್ನು ಸರಿಸಿ, ಕೂತು, ಉಸಿರು ಹಿಡಿದು, ಕಾಲೆತ್ತಿದಳು.

ಬಟ್ಟೆ ಕಿರುಗುಟ್ಟಿತು. ಗಂಟುಗಳು ಒಂದು ಕೂದಲಿನಷ್ಟು ಜಾರಿ, ನಿಂತವು.

ಅವಳು ಓರೆಯಾಗಿ ಹೊರಳಿದಳು. ಬೆನ್ನು ಸಮವಾಯಿತು. ಗೇಣು ಕೆಳಗೆ ಮಳೆನೀರು ಎಲೆಗಳನ್ನು ಹೊತ್ತು ಹರಿಯುತ್ತಿತ್ತು, ಅವಳು ದೋಣಿಯಲ್ಲಿದ್ದಳು.

“ಹೆಂಗಿದೆ?” ಎಂದು ಹೋಯ್ಟ್ ತನ್ನ ಗುಡಾರದಿಂದ ಕೂಗಿದ.

“ಸ್ವರ್ಗ!” ಎಂದು ಕೂಗಿದಳು ಅರ್ಲೀನ್. “ಈ ಸಲ ಹರಿದಿಲ್ಲ!”

*

ಬೆಳಿಗ್ಗೆ ಅವಳು ಎದ್ದು ಕೂತಳು, ನಿಂತಳು, ಬಗ್ಗಿ ತನ್ನ ಶೂಗಳ ಲಾಡಿಯನ್ನು ತಾನೇ ಕಟ್ಟಿಕೊಂಡಳು. ಅದನ್ನು ನೋಡಿ ಓಪಲ್ ಬೇರೆ ಕಡೆ ತಿರುಗಿ, ಬೇಡದಿದ್ದರೂ ಬಾಟಲಿಯ ಮುಚ್ಚಳ ಪರೀಕ್ಷಿಸಿದಳು. ಹೋಯ್ಟ್ ಬಾಣಲೆಯಲ್ಲಿ ಉಪ್ಪು ಹಂದಿಮಾಂಸ ಹುರಿದ, ಅದರ ಜಿಡ್ಡಿನಲ್ಲೇ ಮೆಕ್ಕೆಜೋಳದ ಹಿಟ್ಟು ಬೇಯಿಸಿದ. ಯಾರೂ ಬಾಣಲೆಯ ತೂಕದ ಮಾತೆತ್ತಲಿಲ್ಲ. ಅವನ ಸೊಂಟಕ್ಕೆ ಈಗ ಕಾಡುದ್ರಾಕ್ಷಿಯ ಬಳ್ಳಿ, ಎಲೆಯ ಸಮೇತ.

ಜೋಲಿಯ ಜೊತೆ ಉದ್ದವಾದ ಪಟ್ಟಿಗಳನ್ನೂ ಅರ್ಲೀನ್ ತನ್ನ ಚೀಲಕ್ಕೇ ತುಂಬಿದಳು. “ಈಗ ಇದು ನನ್ನ ಹೊರೆ,” ಎಂದಳು. ಹೋಯ್ಟ್ ಬಳ್ಳಿಯನ್ನು ಇನ್ನೊಂದು ಸುತ್ತು ಬಿಗಿದ.

ದಾರಿಯಿಲ್ಲದ ಕಡೆ ಅವಳು ನಡೆದಳು. ಸೀಳಿದ ಬಂಡೆಯ ಬಳಿ ಎಡಕ್ಕೆ, ತೊರೆ ನೆಲದೊಳಗೆ ಹೋಗುವಲ್ಲಿ ಮೇಲಕ್ಕೆ. ಒಮ್ಮೆ ನಿಂತು, ಗಾಳಿ ಮೂಸಿ, “ಹತ್ರ ಇದೀವಿ,” ಎಂದಳು. ಹೋಯ್ಟ್‌ಗೂ ಆ ವಾಸನೆ ಬಂತು, ಹಿಟ್ಟು ಹುಳಿ ಬಂದಂಥದು, ಅದರೊಳಗೆ ಸಿಹಿ. ಜೇನಿನವನಾದ ಅವನಿಗೆ ಅದಕ್ಕಿಂತ ಮೊದಲು ಕೇಳಿಸಿದ್ದು ದುಂಬಿಗಳ ಮೊರೆತ.

ಬಂಡೆಯ ಅಂಚಿಗೆ ಬಂದು ಕೆಳಗೆ ನೋಡಿದರು. ಮರ ಅವರ ಪಾದದ ಕೆಳಗೇ ಅರಳಿತ್ತು. ಕೆನೆಬಣ್ಣದ ಉದ್ದನೆಯ ಹೂಗೊಂಚಲುಗಳು ಕೊಂಬೆ ಕೊಂಬೆಗೆ, ಯಾರೋ ಪಟಾಕಿ ಹಚ್ಚಿ ಆ ಕ್ಷಣವನ್ನೇ ಹಿಡಿದು ನಿಲ್ಲಿಸಿದ ಹಾಗೆ.

“ಅಯ್ಯೋ ದೇವರೇ,” ಎಂದಳು ಓಪಲ್. ಇಷ್ಟು ವರ್ಷ ಅವಳು ಚೆಸ್ಟ್‌ನಟ್ ಸಸಿಗಳಿಗೆ ನೀರೆರೆದಿದ್ದಳು. ಕಾಡಿನಲ್ಲಿ ತಾನಾಗಿ ಅರಳಿದ್ದನ್ನು ಕಂಡಿರಲಿಲ್ಲ.

ಅರ್ಲೀನ್ ಕುಳಿತು ಜಾರುತ್ತ ಕೆಳಗಿನ ಕಟ್ಟೆಗೆ ಇಳಿದಳು. ಓಪಲ್ ಹಿಂದೆ. ಹೋಯ್ಟ್ ಮೇಲೆ ನಿಂತು ಬಂಡೆಗೆ ಬೆನ್ನು ಕೊಟ್ಟು, ಕೋಲಿನಿಂದ ಕೊಂಬೆಗಳನ್ನು ಒಂದೊಂದಾಗಿ ಬಾಗಿಸಿ ಅವರ ಕೈಗೆ ಕೊಟ್ಟ. ಗೊಂಚಲಿನ ಬುಡದಲ್ಲಿ ಹಸಿರು ಮುಳ್ಳಿನ ಪುಟ್ಟ ಗುಂಡಿ, ಅದೇ ಹೆಣ್ಣು ಹೂವು. ಅರ್ಲೀನ್ ಓಪಲ್ ಕೊಟ್ಟ ಪುಟ್ಟ ಗಾಜಿನ ಬಿಲ್ಲೆಯನ್ನು ಪರಾಗದ ಹಳದಿ ಪುಡಿಯಲ್ಲಿ ಅದ್ದಿ, ಮಗುವಿನ ಮೂಗು ಒರೆಸುವಷ್ಟು ಮೆಲ್ಲಗೆ ಒತ್ತಿದಳು. ಬೇರೆ ಪರಾಗ ತಾಗದಂತೆ ಓಪಲ್ ಅದರ ಮೇಲೆ ಕಾಗದದ ಚೀಲ ಮುಚ್ಚಿ ಕಟ್ಟಿದಳು. ಮುಂದಿನ ಕೊಂಬೆ.

“ಗಂಡು ಕಡೆಯವರಿಗೆ ಊಟ ಇಲ್ವಾ?” ಎಂದು ಮೇಲಿನಿಂದ ಹೋಯ್ಟ್.

“ಪ್ಯಾಂಟು ಹಿಡ್ಕೋ ಮೊದಲು,” ಎಂದಳು ಅರ್ಲೀನ್. “ಕೆಳಗಿನಿಂದ ನೋಡೋಕಾಗ್ತಿಲ್ಲ.”

ಬಾಟಲಿ ಬರಿದಾದಾಗ ಮರದ ತುಂಬ ಬಿಳಿಯ ಚೀಲಗಳು, ಹಕ್ಕಿಗಳು ಬಂದು ಕೂತ ಹಾಗೆ.

*

ವಾಪಸಿನ ದಾರಿ ಏರು. ಹೊಳೆ ಇಳಿದಿತ್ತು. ಹೋಯ್ಟ್‌ನ ಬಳ್ಳಿ ಎರಡು ಸಲ ಕಡಿದು, ಎರಡು ಸಲವೂ ಹೊಸದನ್ನು ಹುಡುಕಬೇಕಾಯಿತು; ಎರಡನೆಯ ಸಲ ಹೊಳೆಯ ನಡುವೆ. ಕೊನೆಯ ಮೈಲಿಗಳಲ್ಲಿ ಅರ್ಲೀನಳ ಬೆನ್ನು ಕಡೆಗೂ ಬಾಯಿ ತೆರೆಯಿತು. ಆದರೆ ಅದು ಗೊಣಗಾಟ, ಕೂಗಲ್ಲ. ಅವಳು ಅದನ್ನು ಗೊಣಗಲು ಬಿಟ್ಟು, ತನ್ನ ಚೀಲವನ್ನು ತಾನೇ ಹೊತ್ತು, ಹೋಯ್ಟ್‌ನ ಜಗಲಿಯ ಮೆಟ್ಟಿಲು ಹತ್ತಿದಳು.

“ಬೋರಲು ಹಾಕಿ,” ಎಂದಳು ಓಪಲ್. ಶಾಸ್ತ್ರ ಶಾಸ್ತ್ರವೇ.

ಅರ್ಲೀನಳ ಚೀಲದಿಂದ ಬಿದ್ದದ್ದೆಲ್ಲ ಬಳಸಿದ ಗುಡ್ಡೆಗೇ ಹೋಯಿತು. ಓಪಲ್‌ಳದರಲ್ಲಿ ಒಂದು ಜೊತೆ ಕಾಲುಚೀಲ ಮಾತ್ರ ಸೋತಿತು. ಹೋಯ್ಟ್ ಮಾತ್ರ ತನ್ನ ಚೀಲದ ಮೇಲೆ ಕೂತು, ನಾಯಿಯ ಕಿವಿ ಕೆರೆಯುತ್ತಿದ್ದ.

“ಏಳೋ.”

“ಸುಸ್ತು. ನಾಳೆ ಮಾಡ್ತೀನಿ.”

ಓಪಲ್ ಅವನನ್ನು ದೂಡಿ, ಚೀಲದ ತಳ ಹಿಡಿದು ಎತ್ತಿ ಸುರಿದಳು. ಬಾಣಲೆ ಹಲಗೆಯ ಮೇಲೆ ಗಂಟೆಯಂತೆ ಮೊಳಗಿತು. ಬಟ್ಟೆ, ದೀಪ, ಉಪ್ಪಿನ ಡಬ್ಬಿ. ಕೊನೆಯಲ್ಲಿ, ಹಾವಿನಂತೆ ಸುರುಳಿ ಸುತ್ತಿಕೊಂಡ, ಒಣಗಿದ, ಒಮ್ಮೆಯೂ ಬಿಚ್ಚದ ಒಂದು ಚರ್ಮದ ಬೆಲ್ಟು ಉರುಳಿಕೊಂಡು ಬಂದು ಅರ್ಲೀನಳ ಪಾದಕ್ಕೆ ತಾಗಿ ನಿಂತಿತು.

ನಾಯಿ ಬೆಲ್ಟನ್ನು ಮೂಸಿತು.

“ಹೋಯ್ಟ್,” ಎಂದಳು ಅರ್ಲೀನ್. “ನಿನ್ನ ಹತ್ರ ಬೆಲ್ಟಿತ್ತು.”

“ಇತ್ತು ಅಂತ ಕಾಣುತ್ತೆ.”

“ಆದ್ರೂ ನನ್ನ ಪಟ್ಟಿ ಹಾಕ್ಕೊಂಡು ಹೊರಟೆ, ಅದು ಕೊಟ್ಟ ಮೇಲೆ ಬಳ್ಳಿ ಕಟ್ಕೊಂಡೆ. ಹೊಳೆ ಮಧ್ಯ ಪ್ಯಾಂಟು ಕಳಚಿಕೊಂಡು ನಿಂತಿದ್ದೆ.”

“ಮರೆತುಹೋಗಿತ್ತು.”

ಅರ್ಲೀನ್ ಅವನನ್ನು ನೋಡಿದಳು, ಈ ಸಲ ಕನ್ನಡಿಯಲ್ಲಿ ನೋಡುವ ಹಾಗಲ್ಲ. ಹೋಯ್ಟ್ ನಾಯಿಯ ಇನ್ನೊಂದು ಕಿವಿಯನ್ನು ಬಹಳ ಗಮನವಿಟ್ಟು ಕೆರೆದ. ಅವಳು ಬಗ್ಗಿ ಬೆಲ್ಟನ್ನು ಎತ್ತಿ, ಬಳಸದ ಗುಡ್ಡೆಯ ಮೇಲೆ, ಓಪಲ್‌ಳ ಕಾಲುಚೀಲದ ಪಕ್ಕ ಇಟ್ಟಳು.

“ಮುಂದಿನ ಸಲ ಇದು ಮನೇಲಿ. ಬೇಡದ ತೂಕ.”

“ಮತ್ತೆ ನನ್ನ ಪ್ಯಾಂಟು?”

ಅವಳು ಮನೆಗೆ ಹೋಗಿ ಬಂದಳು. ಕೈಯಲ್ಲಿ ಉದ್ದಕ್ಕೆ ಸೀಳಿದ ಆ ಮೊದಲ ಜೋಲಿಯ ಹಸಿರು ಬಟ್ಟೆ, ಹಲ್ಲಿನ ನಡುವೆ ಗುಂಡುಸೂಜಿ.

“ನೆಟ್ಟಗೆ ನಿಲ್ಲು,” ಎಂದಳು, ಬಟ್ಟೆಯನ್ನು ಅವನ ಭುಜದ ಮೇಲೆ ಹಾಯಿಸಿ. “ನಾಲ್ಕು ಮಡಿಕೆ ಹಾಕಿ ಹೊಲಿತೀನಿ.”

“ಇದು ನನ್ನ ಒಂದ್ಸಲ ಕೆಡವಿದೆ.”

“ಹೊಲಿದ ಮೇಲೆ ಪರೀಕ್ಷೆ ಮಾಡೋಣ,” ಎಂದಳು ಅರ್ಲೀನ್. “ನೀನೇ ತಾನೆ ನಮ್ಮಲ್ಲಿ ಭಾರ.”